ಕಾಲಿಗೂ ಗಾಳಿ ಬೇಕು

ಏಪ್ರಿಲ್ ಬಂತೆಂದರೆ ನಮ್ಮ ಕಡೆ ಕಚೇರಿಯ ಗಡಿಯಾರವೇ ಬಿಸಿಲಿನ ಮಾತು ಕೇಳುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆಯ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ರೂಢಿ ಬಹಳ ವರ್ಷಗಳದ್ದು. ಮುಚ್ಚುವ ಹೊತ್ತಿಗೆ ಎಷ್ಟೋ ದಿನ ಬಿಸಿಲು 42 ಡಿಗ್ರಿ ಮುಟ್ಟಿರುತ್ತದೆ. ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಕೂರುವಂತಿಲ್ಲ, ಬೈಕಿನ ಸೀಟು ಮುಟ್ಟುವಂತಿಲ್ಲ. ಅಂಥ ಹೊತ್ತಲ್ಲಿ ಹೊರಗೆ ಬರುವವರ ಕಾಲು ನೋಡಿ. ತೊಡೆಗೆ ಅಂಟಿಕೊಂಡ ಜೀನ್ಸ್, ಇಲ್ಲವೇ ಯಾರದೋ ಮದುವೆಯಲ್ಲಿ ಆಯಾರ ಬಂದ ಪಾಲಿಯೆಸ್ಟರ್ ಪೀಸಿನಿಂದ ಹೊಲಿಸಿದ ಪ್ಯಾಂಟು. ಹೊತ್ತು ಬದಲಾಗಿದೆ, ಬಟ್ಟೆ ಬದಲಾಗಿಲ್ಲ.

ನಮ್ಮ ಮುತ್ಯಾ ಈ ಬಿಸಿಲಲ್ಲೇ ಹೊಲಕ್ಕೆ ಹೋಗಿ ಬರುತ್ತಿದ್ದ. ಉಡುತ್ತಿದ್ದದ್ದು ಧೋತರ. ನಾನು ಕಾಲೇಜಿಗೆ ಹೋಗುವಾಗ ಪ್ಯಾಂಟು ಧರಿಸಿ ಒದ್ದಾಡುವುದನ್ನು ನೋಡಿ, ನಿನ್ನ ಪ್ಯಾಂಟಿಗಿಂತ ನನ್ನ ಧೋತರಕ್ಕೆ ಎರಡು ಪಟ್ಟು ಅರಿವೆ ಹಿಡಿಯುತ್ತದೆ, ಆದರೂ ನನಗೆ ಸೆಕೆ ಇಲ್ಲ ಎನ್ನುತ್ತಿದ್ದ. ಆ ಮಾತಿನ ಒಳಗಿನ ವಿಜ್ಞಾನ ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ತಂಪು ಇರುವುದು ಅರಿವೆಯಲ್ಲಿ ಮಾತ್ರವಲ್ಲ, ಅರಿವೆಗೂ ಕಾಲಿಗೂ ನಡುವಿನ ಸಂದಿನಲ್ಲಿ.

ಗಾಳಿಯ ಶಾಖ 35 ಡಿಗ್ರಿ ದಾಟಿದ ಮೇಲೆ ಚರ್ಮಕ್ಕಿಂತ ಗಾಳಿಯೇ ಬಿಸಿ. ಆಗ ಮೈ ತಂಪಾಗಲು ಉಳಿದಿರುವ ದಾರಿ ಬೆವರೊಂದೇ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಎಷ್ಟು ಶಾಖ ಬೇಕೋ, ಅದರ ಸುಮಾರು 580 ಪಟ್ಟು ಶಾಖವನ್ನು ಒಂದು ಗ್ರಾಂ ಬೆವರು ಆವಿಯಾಗುವಾಗ ಮೈಯಿಂದ ಹೊತ್ತೊಯ್ಯುತ್ತದೆ. ಆದರೆ ಆವಿಯಾದರೆ ತಾನೇ? ಬಟ್ಟೆ ಕಾಲಿಗೆ ಅಂಟಿದ್ದರೆ ಆವಿಗೆ ಹೋಗಲು ದಾರಿಯಿಲ್ಲ. ಬೆವರು ಮಂಡಿಯ ಹಿಂದೆ ಇಳಿದು ಸಾಕ್ಸ್ ಸೇರುತ್ತದೆ, ಮೈ ಬಿಸಿ ಮೈಯಲ್ಲೇ ಉಳಿಯುತ್ತದೆ.

1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಅಧ್ಯಯನ ನನಗೆ ಬಹಳ ಪ್ರಿಯ. ಮರುಭೂಮಿಯ ಬೆಡುಯಿನ್ ಜನ ಅಂಥ ಬಿಸಿಲಲ್ಲಿ ಕಪ್ಪು ನಿಲುವಂಗಿ ತೊಡುವುದೇಕೆ ಎಂಬ ಪ್ರಶ್ನೆಯನ್ನು ಸಂಶೋಧಕರು ಬಿಸಿಲಲ್ಲೇ ನಿಂತು ಪರೀಕ್ಷಿಸಿದರು. ಕಪ್ಪು ಬಟ್ಟೆ ಹೆಚ್ಚು ಬಿಸಿಲು ಹೀರಿತು, ನಿಜ. ಆದರೆ ಆ ಹೆಚ್ಚಿನ ಬಿಸಿ ಮೈಗೆ ತಲುಪುವ ಮೊದಲೇ ಹೊರಟುಹೋಯಿತು. ಕಪ್ಪು ತೊಟ್ಟರೂ ಬಿಳಿ ತೊಟ್ಟರೂ ಮೈಗೆ ತಗುಲಿದ ಶಾಖ ಒಂದೇ. ಸಡಿಲ ಬಟ್ಟೆಯ ಒಳಗೆ ಓಡಾಡುವ ಗಾಳಿ ಮಾಡುವ ಕೆಲಸ ಅದು. ಬೇಸಿಗೆ ಎಂದರೆ ಬಿಳಿ ಬಟ್ಟೆ ಎಂದಷ್ಟೇ ಹೇಳಿ ಸುಮ್ಮನಾಗುವವರು ಅಳತೆಯ ಮಾತನ್ನು ಮರೆಯುತ್ತಾರೆ.

ಹಾಗೆಂದು ಅರಿವೆಯ ಜಾತಿ ಮುಖ್ಯವಲ್ಲವೆಂದಲ್ಲ. ಹದವಾದ ಹವೆಯಲ್ಲಿ ಒಣ ಹತ್ತಿ ತನ್ನ ತೂಕದ ಸುಮಾರು ಶೇ 8ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ. ಲಿನನ್ ಶೇ 12ರಷ್ಟು. ಪಾಲಿಯೆಸ್ಟರ್ ಶೇ ಅರ್ಧವೂ ಇಲ್ಲ. ಲಿನನ್ನಿನ ಎಳೆ ಬಿರುಸು, ಆದ್ದರಿಂದ ಬೆವರಿದರೂ ಕಾಲಿಗೆ ಮೆತ್ತಿಕೊಳ್ಳದೆ ದೂರ ನಿಲ್ಲುತ್ತದೆ. ಅದು ಮುದುರುತ್ತದೆ ಎಂಬ ದೂರು ಎಲ್ಲರದು. ಮುದುರಲಿ. ಲಿನನ್ನಿನ ಸುಕ್ಕು ಅದರ ಸ್ವಭಾವ, ಕೊಳಕಲ್ಲ. ಸ್ವಲ್ಪ ಹಸಿಯಿರುವಾಗಲೇ ಇಸ್ತ್ರಿ ಮಾಡಿದರೆ ಮಧ್ಯಾಹ್ನದವರೆಗೆ ಗೆರೆ ನಿಲ್ಲುತ್ತದೆ. ಬೆಲೆ ಹೆಚ್ಚಾಯಿತೆನಿಸಿದರೆ ನಮ್ಮದೇ ಖಾದಿ ಇದೆ. ರಾಷ್ಟ್ರಧ್ವಜದ ಬಟ್ಟೆ ನೇಯುವ ಧಾರವಾಡದ ಗರಗ, ಬಾಗಲಕೋಟೆಯ ತುಳಸಿಗೇರಿಗಳ ಹೆಸರು ಕೇಳದವರಿಲ್ಲ. ಕೈನೂಲಿನ ಎಳೆ ಒಂದೇ ಸಮ ಇರುವುದಿಲ್ಲ, ಆ ಏರುಪೇರಿನ ನಡುವೆಯೇ ಗಾಳಿಗೆ ಜಾಗ. ಪ್ಯಾಂಟಿಗೆ ಅಂಗಿಯ ಖಾದಿ ಬೇಡ, ಅದು ಮಂಡಿಯಲ್ಲಿ ಉಬ್ಬುತ್ತದೆ; ತುಸು ದಪ್ಪ ಖಾದಿಯೇ ಬೇಕು. ಗಂಜಿ ಹಾಕಬೇಡಿ. ಗಂಜಿ ಆ ಸಂದುಗಳನ್ನೇ ಮುಚ್ಚಿಬಿಡುತ್ತದೆ.

ಜೀನ್ಸಿನ ಬಗ್ಗೆ ಹೆಚ್ಚು ಹೇಳಲಾರೆ. ಜೇಬಿನ ಮೂಲೆಗೆ ತಾಮ್ರದ ಮೊಳೆ ಬಡಿದು ಗಟ್ಟಿ ಮಾಡುವ ಪೇಟೆಂಟನ್ನು ಲೀವೈ ಸ್ಟ್ರಾಸ್, ಜೇಕಬ್ ಡೇವಿಸ್ ಪಡೆದದ್ದು 1873ರಲ್ಲಿ. ಹರಿಯಬಾರದೆಂದು ಹುಟ್ಟಿದ ದುಡಿಮೆಯ ಬಟ್ಟೆ ಅದು. ನಮ್ಮ ಮೇ ತಿಂಗಳಿಗೆ ಅದು ಕಂಬಳಿ.

ಇನ್ನು ಹೊಲಿಗೆ. ಸಿದ್ಧ ಉಡುಪಿನ ಅಂಗಡಿಯಲ್ಲಿ ಬೇಸಿಗೆಯ ಪ್ಯಾಂಟು ಸಿಗುತ್ತದೆ, ಆದರೆ ನಮ್ಮ ಊರುಗಳ ಪುಣ್ಯಕ್ಕೆ ಇನ್ನೂ ಟೇಲರುಗಳಿದ್ದಾರೆ. ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದ ಗಲ್ಲಿಯೊಂದರಲ್ಲಿ ನಾನು ಹೋಗುವ ಮಾಸ್ತರು ಬೆಲ್‌ಬಾಟಮ್ ಕಾಲದಿಂದ ಕತ್ತರಿ ಹಿಡಿದವರು. ಮೊದಲ ಸಲ ಸಡಿಲ ಪ್ಯಾಂಟು ಕೇಳಿದಾಗ ಟೇಪು ಕೊರಳಿಗೆ ಹಾಕಿಕೊಂಡು ನನ್ನನ್ನೇ ನೋಡಿದರು.

“ಈಗಿನ ಹುಡುಗುರು 13 ಇಂಚ್ ಬಾಟಮ್ ಕೇಳ್ತಾರ. ನೀವು 17 ಅಂತೀರಿ. ನೋಡಿದ ಮಂದಿ ನನ್ನ ಕೈ ಕೆಟ್ಟದ ಅಂತಾರ್ರೀ ಸರ.”

ಸೆಕೆಯ ಕಥೆ ಹೇಳಿದೆ. ಅವರು ಯೋಚಿಸಿ ಅಂದದ್ದು ನನಗೆ ಇವತ್ತಿಗೂ ಪಾಠ: “ಲೂಸ್ ಅಂದ್ರ ಎಲ್ಲಾ ಕಡಿ ಲೂಸ್ ಅಲ್ರೀ. ಸೊಂಟ ಹಿಡದಿರಬೇಕು, ತೊಡಿ ಬಿಟ್ಟಿರಬೇಕು, ಪಾದದ ಹಂತ್ಯಾಕ ಬಂದಾಗ ಮತ್ತ ಸಣ್ಣಾಗಬೇಕು. ಅಂದ್ರ ಚಂದ ಕಾಣ್ತದ.”

ಅಂದವೂ ಆರಾಮವೂ ಕೂಡುವುದು ಇಲ್ಲಿಯೇ. ಪ್ಯಾಂಟು ಹೊಕ್ಕಳಿನ ಮಟ್ಟಕ್ಕೆ ನಿಂತರೆ ಬೆಲ್ಟು ಬಿಗಿಯುವ ಅಗತ್ಯ ಬೀಳುವುದಿಲ್ಲ. ಬೆಲ್ಟಿನಡಿ ಬೆವರಿ ಕೆಂಪಾಗುವ ಪಟ್ಟೆ ಬೇಸಿಗೆಯಲ್ಲಿ ಯಾರಿಗಿಲ್ಲ? ನಾನು ಬೆಲ್ಟಿನ ಲೂಪನ್ನೇ ತೆಗೆಸಿ ಎರಡೂ ಬದಿಗೆ ಗುಂಡಿಯ ಪಟ್ಟಿ ಇಡಿಸಿದ್ದೇನೆ. ಮುಂದೆ ಎರಡೂ ಕಡೆ ಒಂದೊಂದು ಪ್ಲೀಟು. ನಿಂತಾಗ ಅದು ಮುಚ್ಚಿಕೊಂಡು ನೇರ ಗೆರೆಯಾಗಿ ಇಳಿಯುತ್ತದೆ, ಕೂತಾಗ ತೆರೆದು ತೊಡೆಗೆ ಜಾಗ ಕೊಡುತ್ತದೆ. ಇಡೀ ದಿನ ಕುರ್ಚಿಯಲ್ಲಿ ಕೂರುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಮಾಸ್ತರು ತಾವಾಗಿ ಹೇಳಿದ ಇನ್ನೊಂದು ಗುಟ್ಟು ಜೇಬಿನದು. ಹೊರಗೆ ಎಂಥ ಹತ್ತಿಯ ಬಟ್ಟೆ ತಂದುಕೊಟ್ಟರೂ ಜೇಬಿನ ಚೀಲಕ್ಕೆ ಪಾಲಿಯೆಸ್ಟರ್ ಹಾಕುವುದುಂಟು. ತೊಡೆಯ ಮೇಲೆ ಎರಡು ಪದರವಾಗಿ ಬೀಳುವುದು ಅದೇ. ಜೇಬಿಗೂ ಹತ್ತಿಯೇ ಇರಲಿ ಎಂದು ಬಾಯಿಬಿಟ್ಟು ಹೇಳಬೇಕು. ಹೊಲಿಯಲು ಕೊಡುವ ಮುನ್ನ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕಿ ಒಣಗಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಪ್ಯಾಂಟು ಮೇಲೇರುತ್ತದೆ.

ಹೆಣ್ಣುಮಕ್ಕಳ ಕಷ್ಟ ಬೇರೆ. ರಾಯಚೂರಿನಲ್ಲಿ ಶಾಲೆಗೆ ಸ್ಕೂಟರಿನಲ್ಲಿ ಹೋಗುವ ನನ್ನ ತಂಗಿ ಮೊದಲು ಲೆಗ್ಗಿಂಗ್ಸ್ ಧರಿಸುತ್ತಿದ್ದಳು. ಲೈಕ್ರಾ ಬೆರೆತ ಆ ಬಟ್ಟೆ ಮನೆಗೆ ಬಂದು ತೆಗೆಯುವಾಗ ಚರ್ಮದ ಜೊತೆ ಬಂದಂತಾಗುತ್ತದೆ ಎನ್ನುತ್ತಿದ್ದಳು. ಪಲಾಜೊ ತೊಟ್ಟರೆ ಗಾಳಿ ಬೇಕಾದಷ್ಟು, ಆದರೆ ಅದರ ಅಂಚು ಸ್ಕೂಟರಿನ ಚಕ್ರದ ಕಡೆ ಹಾರುತ್ತದೆ. ಕೊನೆಗೆ ಅವಳಿಗೆ ಒಗ್ಗಿದ್ದು ಹರಡಿನ ಮೇಲೆ ನಿಲ್ಲುವ ಹತ್ತಿಯ ಸ್ಟ್ರೇಟ್ ಪ್ಯಾಂಟು, ಸೊಂಟಕ್ಕೆ ಹಿಂದೆ ಎಲಾಸ್ಟಿಕ್, ಮುಂದೆ ಪಟ್ಟಿ, ಜೊತೆಗೆ ಎರಡು ಜೇಬು. ಆ ಜೇಬಿಗಾಗಿ ಅವಳು ಟೇಲರಮ್ಮನ ಹತ್ತಿರ ಮೂರು ಸಲ ಹೋಗಿದ್ದಾಳೆ, ಹೋದದ್ದು ಸರಿಯೇ.

ಬಣ್ಣದಲ್ಲಿ ನನ್ನ ಆಯ್ಕೆ ಶಹಾಬಾದ್ ಕಲ್ಲಿನ ಮಾಸಲು ಬಿಳುಪು, ಇಲ್ಲವೇ ಖಾಕಿ. ಖಾಕಿ ಎಂಬ ಮಾತು ಪಾರಸಿಯ ‘ಖಾಕ್’, ಅಂದರೆ ಧೂಳಿನಿಂದ ಬಂದದ್ದು. ನಮ್ಮ ರಸ್ತೆಗಳಿಗೆ ಬೇರೆ ಬಣ್ಣ ಏಕೆ? ನಡುಬೂದು ಮಾತ್ರ ಬೇಡ, ಬೆವರಿನ ಕಲೆ ಅದರಲ್ಲಿ ಎದ್ದು ಕಾಣುತ್ತದೆ. ಪ್ಯಾಂಟಿನ ತುದಿ ಹರಡಿನ ಗಂಟಿಗೆ ಮುಗಿದು, ಕೆಳಗೆ ಸಾಕ್ಸಿನ ಬದಲು ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ಇದ್ದರೆ ಕೆಳಗಿಂದಲೂ ಗಾಳಿ ಏರುತ್ತದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಮಂಗಳೂರಿನ ಗೆಳೆಯರಿಗೆ ಈ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಬಿಸಿಲು ಕಡಿಮೆ, ಹವೆಯಲ್ಲಿ ನೀರು ಹೆಚ್ಚು. ಬೇಗ ಒಣಗುವ ತೆಳು ಲಿನನ್ನೇ ವಾಸಿ, ದಪ್ಪ ಖಾದಿ ಸಂಜೆಯವರೆಗೂ ಹಸಿಯಾಗಿರುತ್ತದೆ.

ಮಾಸ್ತರ ಅಳತೆ ಪುಸ್ತಕದಲ್ಲಿ ನನ್ನ ಹೆಸರಿನಡಿ ಈಗ ಎರಡು ಸಾಲು ಅಳತೆಗಳಿವೆ. ಎರಡನೆಯದರ ಪಕ್ಕ ಕೆಂಪು ಪೆನ್ನಿನಲ್ಲಿ ‘ಬ್ಯಾಸಗಿ’ ಎಂದು ಬರೆದಿದ್ದಾರೆ. ಬಟ್ಟೆ ಶಿವರಾತ್ರಿಯೊಳಗೆ ತಂದುಕೊಡಿ ಎಂಬುದು ಅವರ ಒಂದೇ ಷರತ್ತು. ಯುಗಾದಿ ದಾಟಿದರೆ ಲಗ್ನದ ಹೊಲಿಗೆ ಶುರು, ಆಮೇಲೆ ಅವರ ಕೈಗೆ ನಾವು ಸಿಗುವುದು ಮಳೆಗಾಲಕ್ಕೇ.