ಹದಿನಾರರ ಮೈಯಲ್ಲಿ ಇಪ್ಪತ್ತೊಂದರ ಆಟಗಾರ

"ತೋಳು ಗಿಡ್ಡ. ಕಾಲೇಜಿಗೆ ಹೋದರೆ ಟ್ಯಾಕಲ್ ಜಾಗದಲ್ಲಿ ನಿಲ್ಲಲಾರ, ಒಳಗೆ ಗಾರ್ಡ್ ಮಾಡುತ್ತಾರೆ."

"ಇನ್ನೂ ಬೆಳೆಯೋ ಹುಡುಗ. ಅವನ ಅಪ್ಪನ ಭುಜ ನೋಡಿದ್ದೀಯಾ?"

ಟೆಕ್ಸಸ್‌ನ ಯಾವುದೇ ಊರಿನಲ್ಲಿ ಶುಕ್ರವಾರ ರಾತ್ರಿ ಹೈಸ್ಕೂಲ್ ಫುಟ್‌ಬಾಲ್ ನೋಡಲು ಕೂತರೆ ಹಿಂದಿನ ಸಾಲಿನಿಂದ ಇಂಥ ಮಾತು ಕಿವಿಗೆ ಬೀಳುತ್ತದೆ. ಮಾತಾಡುವವರು ಅಂಗಡಿ ಇಟ್ಟವರು, ಬ್ಯಾಂಕಿನ ಗುಮಾಸ್ತರು, ನಿವೃತ್ತ ಮೇಷ್ಟ್ರುಗಳು. ಅವರ ಕಣ್ಣು ನೆಟ್ಟಿರುವುದು ಹದಿನಾರೋ ಹದಿನೇಳೋ ವರ್ಷದ ಒಬ್ಬ ಹುಡುಗನ ಮೇಲೆ. ಇಂದಿನ ಪಂದ್ಯ ಅವನು ಹೇಗೆ ಆಡಿದ ಎನ್ನುವುದು ಅವರಿಗೆ ಅರ್ಧ ಮಾತ್ರ ಮುಖ್ಯ. ಇವನು ದೊಡ್ಡ ವಿಶ್ವವಿದ್ಯಾಲಯದ ತಂಡಕ್ಕೆ ಸಲ್ಲುತ್ತಾನೋ ಇಲ್ಲವೋ ಎಂಬುದೇ ಅಲ್ಲಿ ಚರ್ಚೆ.

ನಾನು ದಾವಣಗೆರೆಯವಳು. ಡಲ್ಲಾಸ್ ನಗರದ ಉತ್ತರಕ್ಕಿರುವ ಕಾಲಿನ್ ಕೌಂಟಿಯಲ್ಲಿ ನಮ್ಮ ಮನೆ. ಮಗಳು ಶಾಲೆಯ ಮಾರ್ಚಿಂಗ್ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಬ್ಯಾಂಡ್ ನುಡಿಸುವುದು ಪಂದ್ಯದ ನಡುವಿನ ವಿರಾಮದಲ್ಲಿ, ಹಾಗಾಗಿ ಪಂದ್ಯವೂ ನಮ್ಮ ಪಾಲಿಗೆ ಬಂತು. ಈ ಭಾಗದ ಕನ್ನಡದ ಮನೆಗಳಲ್ಲಿ ಫುಟ್‌ಬಾಲ್ ಅಂಗಳಕ್ಕೆ ದಾರಿ ಬಹುಪಾಲು ಹೀಗೇ, ಬ್ಯಾಂಡ್ ಮೂಲಕ. ಪಕ್ಕದಲ್ಲಿ ಕೂರುತ್ತಿದ್ದ ಹಿರಿಯರೊಬ್ಬರು ಬಹಳ ವರ್ಷ ಪೂರ್ವ ಟೆಕ್ಸಸ್‌ನ ಸಣ್ಣ ಶಾಲೆಗಳಲ್ಲಿ ಕೋಚ್ ಆಗಿದ್ದವರು, ಆಗ ಮೊಮ್ಮಗನ ಆಟ ನೋಡಲು ಬರುತ್ತಿದ್ದವರು. ಆಟ ನೋಡುವುದನ್ನು ನನಗೆ ಕಲಿಸಿದವರು ಅವರೇ.

ಈ ಫುಟ್‌ಬಾಲ್ ನಮ್ಮೂರಿನ ಫುಟ್‌ಬಾಲ್ ಅಲ್ಲ. ಪ್ರತಿ ತಂಡದ ಹನ್ನೊಂದು ಮಂದಿ ಅಂಗಳದಲ್ಲಿರುತ್ತಾರೆ. ಚೆಂಡು ಕೈಯಲ್ಲಿ. ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಯತ್ನ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಲು ಐವರು ಭಾರಿ ಮೈಯವರು ಸಾಲಾಗಿ ನಿಲ್ಲುತ್ತಾರೆ. ಅವರಲ್ಲಿ ಎರಡು ತುದಿಯವರು ಟ್ಯಾಕಲ್, ಅವರ ಪಕ್ಕದ ಒಳಗಿನವರು ಗಾರ್ಡ್. ಒಂದೊಂದು ಜಾಗ ಒಂದೊಂದು ಬಗೆಯ ದೇಹ ಕೇಳುತ್ತದೆ, ಹಿಂದಿನ ಸಾಲಿನ ಜಗಳವೆಲ್ಲ ಹುಟ್ಟುವುದು ಇಲ್ಲಿಂದ.

ಹಿರಿಯರು ಮೊದಲು ಹೇಳಿದ್ದು, ಚೆಂಡು ನೋಡಬೇಡ ಅಂತ. ಚೆಂಡಿನ ಹಿಂದೆ ಕಣ್ಣು ಓಡಿದರೆ ಟ್ಯಾಕಲ್ ಹುಡುಗ ಕಾಣುವುದೇ ಇಲ್ಲ. ಕಬಡ್ಡಿಯಲ್ಲಿ ರೈಡರ್‌ನನ್ನು ಬಿಟ್ಟು ಮೂಲೆಯಲ್ಲಿ ನಿಂತವನ ಪಾದ ನೋಡುವವನಿಗೆ ಮಾತ್ರ ಹಿಡಿತ ಮೊದಲೇ ಗೊತ್ತಾಗುತ್ತದಲ್ಲ, ಹಾಗೆ ನೋಡಬೇಕು. ಚೆಂಡು ಚಲಿಸಿದ ಕ್ಷಣ ಅವನ ಮೊದಲ ಹೆಜ್ಜೆ ಎಷ್ಟು ಬೇಗ ಬಿತ್ತು? ಮಂಡಿ ಬಗ್ಗಿಸಿ ಕೂರುತ್ತಾನೋ, ಸೊಂಟ ಬಗ್ಗಿಸಿ ಮುಂದಕ್ಕೆ ಬಾಗುತ್ತಾನೋ? ಸೊಂಟ ಬಗ್ಗಿಸುವವನನ್ನು ಕಾಲೇಜಿನ ಎದುರಾಳಿ ಎಳೆದು ಕೆಡವುತ್ತಾನೆ. ಅಂಗೈ ಎದುರಿನವನ ಎದೆಗೆ ತಾಗಿತೋ, ಹೊರಗಡೆ ತೋಳಿಗೆ ತಾಗಿತೋ? ಆಟ ಆಚೆ ಬದಿಗೆ ಓಡಿಹೋದ ಮೇಲೂ ಸೀಟಿ ಊದುವವರೆಗೆ ತಳ್ಳುತ್ತಲೇ ಇದ್ದಾನಾ? ಅದಕ್ಕೆ ಇಲ್ಲಿನವರು 'ಮೋಟರ್' ಅನ್ನುತ್ತಾರೆ. ನಾಲ್ಕನೆಯ ಕ್ವಾರ್ಟರ್‌ನಲ್ಲಿ, ಸೆಪ್ಟೆಂಬರ್‌ನ ಸೆಕೆಯಲ್ಲಿ, ತಂಡ ಸೋಲುತ್ತಿರುವಾಗ ಆ ಮೋಟರ್ ಓಡುತ್ತಿದೆಯೋ ಎಂಬುದನ್ನು ಅವರು ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸುತ್ತಿದ್ದರು.

ಆಮೇಲೆ ದೇಹದ ಚೌಕಟ್ಟು. ಹುಡುಗ ಈಗ ಆರಡಿ ನಾಲ್ಕಂಗುಲ, 255 ಪೌಂಡ್, ಅಂದರೆ ಸುಮಾರು 115 ಕಿಲೋ ಅಂತ ಇಟ್ಟುಕೊಳ್ಳಿ. ದೊಡ್ಡ ಕಾಲೇಜಿನ ಟ್ಯಾಕಲ್‌ಗಳು ಸಾಮಾನ್ಯವಾಗಿ 300 ಪೌಂಡ್ ದಾಟಿರುತ್ತಾರೆ. ಇನ್ನು 20 ಕಿಲೋ ಎಲ್ಲಿ ಕೂರಬೇಕು? ಅದಕ್ಕೇ ಮಣಿಕಟ್ಟು ನೋಡುತ್ತಾರೆ, ಹಿಮ್ಮಡಿಯ ಗಂಟು ನೋಡುತ್ತಾರೆ, ಭುಜದ ಅಗಲ ನೋಡುತ್ತಾರೆ, ಕೊನೆಗೆ ಗ್ಯಾಲರಿಯಲ್ಲಿ ಕೂತ ಅಪ್ಪ ಅಮ್ಮನನ್ನೂ ನೋಡುತ್ತಾರೆ. ತೋಳಿನ ಉದ್ದವಂತೂ ಬೆಳೆಸಲಾಗದ್ದು. ನುಗ್ಗಿಬರುವವನ ಎದೆಗೆ ಯಾರ ಕೈ ಮೊದಲು ತಲುಪುತ್ತದೋ ಹಿಡಿತ ಅವರದು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಟ್ಯಾಕಲ್‌ನ ತೋಳು 33 ಇಂಚಾದರೂ ಇರಬೇಕೆಂಬ ಅಳತೆ ಬಹುಕಾಲದಿಂದ ಬಾಯಿಂದ ಬಾಯಿಗೆ ಬಂದಿದೆ. ಹಿಂದಿನ ಸಾಲಿನಲ್ಲಿ ಯಾರೋ "ತೋಳು ಗಿಡ್ಡ" ಅಂದಾಗ ಅದರ ಹಿಂದೆ ಇಷ್ಟು ಲೆಕ್ಕ ಇರುತ್ತದೆ.

ಊರಿನವರಿಗೆ ಇದರಲ್ಲಿ ಇಷ್ಟು ಆಸ್ಥೆ ಯಾಕೆ ಅಂತ ಕೇಳಬಹುದು. ನಮ್ಮ ಕೌಂಟಿಯ ಆಲೆನ್ ಊರಿನ ಹೈಸ್ಕೂಲ್ ಕ್ರೀಡಾಂಗಣದಲ್ಲಿ 18,000 ಮಂದಿ ಕೂರಬಹುದು. 2012ರಲ್ಲಿ ಸುಮಾರು 6 ಕೋಟಿ ಡಾಲರ್ ಖರ್ಚು ಮಾಡಿ ಕಟ್ಟಿಸಿದ್ದು. ಶಾಲೆಯ ಮೈದಾನಕ್ಕೆ ಸಾರ್ವಜನಿಕ ಹಣ ಇಷ್ಟು ಸುರಿಯಬೇಕೇ ಎಂಬ ಪ್ರಶ್ನೆ ನನಗೂ ಇದೆ. ಆದರೆ ಆ ಮೈದಾನದಲ್ಲೇ ಊರು ಒಂದು ದೊಡ್ಡ ಪಾಠ ಕಲಿಯಿತು. ಕೈಲರ್ ಮರ್ರೆ ಅಲ್ಲಿಯ ಕ್ವಾರ್ಟರ್‌ಬ್ಯಾಕ್. ಅವನು ಆರಂಭದಿಂದ ಆಡಿದ 42 ಪಂದ್ಯಗಳಲ್ಲಿ ತಂಡ ಒಂದನ್ನೂ ಸೋಲಲಿಲ್ಲ, 2012ರಿಂದ 2014ರವರೆಗೆ ಸತತ ಮೂರು ರಾಜ್ಯ ಪ್ರಶಸ್ತಿ. ಆದರೂ ಅವನ ಬಗ್ಗೆ ಅನುಮಾನ ಬಿಡಲಿಲ್ಲ, ಕಾರಣ ಎತ್ತರ. ಮುಂದೆ ನಿಂತ ಆರೂವರೆ ಅಡಿಯವರ ತಲೆಯಾಚೆ ಇವನಿಗೆ ಏನು ಕಂಡೀತು? ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಸೇರಿದ, ಒಂದೇ ವರ್ಷಕ್ಕೆ ಬಿಟ್ಟ, ಒಕ್ಲಹಾಮಾಕ್ಕೆ ಹೋಗಿ 2018ರಲ್ಲಿ ಕಾಲೇಜು ಆಟದ ಅತ್ಯುನ್ನತ ಗೌರವವಾದ ಹೈಸ್ಮನ್ ಟ್ರೋಫಿ ಗೆದ್ದ. 2019ರಲ್ಲಿ ಅಳತೆ ಹಿಡಿದಾಗ ಐದಡಿ ಹತ್ತಂಗುಲ, ಮೇಲೆ ಒಂದಿಷ್ಟು. ಆ ವರ್ಷದ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಮೊದಲ ಹೆಸರೇ ಅವನದು.

ಅಭಿಮಾನಿಗಳ ಕೈಗೆ ಇವತ್ತು ಸಿಗುವ ಸಾಮಗ್ರಿ ಹೇರಳ. ಪ್ರತಿ ಹುಡುಗನೂ ತನ್ನ ಒಳ್ಳೆಯ ಆಟಗಳನ್ನು ಪೋಣಿಸಿ ವೀಡಿಯೊ ಹಾಕುತ್ತಾನೆ. ಅದನ್ನು ನಂಬಿ ತೀರ್ಪು ಕೊಡುವುದು ಕಷ್ಟ. ಸೋತ ಆಟಗಳು ಅದರಲ್ಲಿ ಇರುವುದಿಲ್ಲ, ಎದುರಾಳಿ ಎಷ್ಟು ದುರ್ಬಲ ಎಂಬುದೂ ತಿಳಿಯದು. ಟೆಕ್ಸಸ್‌ನ ಶಾಲೆಗಳನ್ನು ವಿದ್ಯಾರ್ಥಿ ಸಂಖ್ಯೆಯ ಮೇಲೆ ಒಂದು ಎ ಇಂದ ಆರು ಎ ವರೆಗೆ ವಿಂಗಡಿಸಿದ್ದಾರೆ. ಎರಡು ಎ ಶಾಲೆಯಲ್ಲಿ ಎಲ್ಲರನ್ನೂ ಉರುಳಿಸುವ ಹುಡುಗ ಆರು ಎ ತಂಡದ ಎದುರು ಏನು ಮಾಡುತ್ತಾನೋ ಹೇಳುವುದು ಹೇಗೆ? 40 ಗಜದ ಓಟದ ಸಮಯವನ್ನು ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿ ಅಳೆದರೆ ಎಲೆಕ್ಟ್ರಾನಿಕ್ ಅಳತೆಗಿಂತ ಸೆಕೆಂಡಿನ ಹತ್ತರಲ್ಲಿ ಒಂದೆರಡು ಭಾಗ ವೇಗವಾಗಿ ತೋರುತ್ತದೆ. ಪಟ್ಟಿಯಲ್ಲಿ ಬರೆದ ಎತ್ತರಕ್ಕೂ ಗೋಡೆಗೆ ನಿಲ್ಲಿಸಿ ಅಳೆದ ಎತ್ತರಕ್ಕೂ ಎಷ್ಟೋ ಸಲ ಒಂದಂಗುಲ ವ್ಯತ್ಯಾಸ. ಹಿರಿಯರು ಇದಕ್ಕಿಂತ ಟ್ರ್ಯಾಕ್ ಕೂಟದ ಫಲಿತಾಂಶ ನಂಬುತ್ತಿದ್ದರು. ಗುಂಡು ಎಸೆತದ ದೂರ, ನೂರು ಮೀಟರ್ ಸಮಯ, ಇವಕ್ಕೆ ಸಾಕ್ಷಿ ಇರುತ್ತದೆ. ಕುಸ್ತಿ, ಬ್ಯಾಸ್ಕೆಟ್‌ಬಾಲ್ ಕೂಡ ಆಡುವ ಹುಡುಗನ ಬಗ್ಗೆ ಅವರಿಗೆ ಹೆಚ್ಚು ಆಸೆ.

ಇನ್ನು ತಾರೆಗಳ ಸಂಗತಿ. ರೈವಲ್ಸ್, 247ಸ್ಪೋರ್ಟ್ಸ್, ಇಎಸ್‌ಪಿಎನ್ ಮುಂತಾದ ಸಂಸ್ಥೆಗಳು ಹುಡುಗರಿಗೆ ಎರಡರಿಂದ ಐದರವರೆಗೆ ತಾರೆ ಕೊಡುತ್ತವೆ. ಐದು ತಾರೆ ಸಿಗುವುದು ದೇಶದಲ್ಲಿ ವರ್ಷಕ್ಕೆ ಮೂವತ್ತು ಚಿಲ್ಲರೆ ಮಂದಿಗೆ. ಎನ್‌ಎಫ್‌ಎಲ್ ಆಯ್ಕೆಯ ಮೊದಲ ಸುತ್ತಿನಲ್ಲಿ 32 ಹೆಸರು, ಅದಕ್ಕೆ ಸರಿಹೊಂದಿಸಿದ ಸಂಖ್ಯೆ. ನಾಲ್ಕು ತಾರೆಯವರು ಕೆಲವು ನೂರು. ಉಳಿದವರಲ್ಲಿ ಹೆಚ್ಚಿನವರು ಮೂರು ತಾರೆ, ಎರಡು ತಾರೆ, ಅಥವಾ ಏನೂ ಇಲ್ಲ. ಹೈಸ್ಕೂಲಿನಲ್ಲಿ ಆಡುವ ಸುಮಾರು ಹತ್ತು ಲಕ್ಷ ಹುಡುಗರಲ್ಲಿ ಯಾವುದಾದರೂ ಮಟ್ಟದ ಕಾಲೇಜು ತಂಡ ಸೇರುವವರೇ ನೂರಕ್ಕೆ ಏಳು ಮಂದಿ, ಅತ್ಯುನ್ನತವಾದ ಡಿವಿಷನ್ ಒನ್‌ಗೆ ಮೂವರೂ ಇಲ್ಲ.

ಈ ತಾರೆಗಳಿಗೆ ಬೆಲೆ ಇದೆಯೇ? ಇದೆ, ಮತ್ತು ಇದನ್ನು ಒಪ್ಪಲು ಸಣ್ಣ ಕಾಲೇಜಿನ ಅಭಿಮಾನಿಗಳಿಗೆ ಕಷ್ಟ. ಬಡ್ ಎಲಿಯಟ್ ಎಂಬ ಕ್ರೀಡಾ ಬರಹಗಾರರು ಬಹಳ ವರ್ಷದಿಂದ ಒಂದು ಲೆಕ್ಕ ಇಡುತ್ತಾ ಬಂದಿದ್ದಾರೆ: ರಾಷ್ಟ್ರೀಯ ಪ್ರಶಸ್ತಿ ಗೆದ್ದ ಬಹುತೇಕ ತಂಡಗಳು ಸೇರಿಸಿಕೊಂಡ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಾಲ್ಕು ಐದು ತಾರೆಯವರು. ಗುಂಪಿನ ಬಗ್ಗೆ ತಾರೆ ಸುಳ್ಳು ಹೇಳುವುದಿಲ್ಲ. ಎನ್‌ಎಫ್‌ಎಲ್ ತಂಡಗಳಲ್ಲಿ ಮೂರು ತಾರೆಯವರೇ ತುಂಬಿದ್ದಾರಲ್ಲ ಎಂದು ವಾದಿಸುವವರು ಅವರು ಎಷ್ಟು ಸಾವಿರ ಜನರಿಂದ ಬಂದವರು ಎಂಬುದನ್ನು ಎಣಿಸುವುದಿಲ್ಲ. ಆದರೆ ಒಬ್ಬ ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡು ಅವನ ನಾಳೆ ಹೇಳಲು ಅದೇ ತಾರೆ ಸಾಲದು.

ಜೆ.ಜೆ. ವಾಟ್ ವಿಸ್ಕಾನ್ಸಿನ್‌ನ ಪೆವಾಕಿಯ ಹುಡುಗ, ಎರಡು ತಾರೆ. ಸೆಂಟ್ರಲ್ ಮಿಷಿಗನ್‌ನಲ್ಲಿ ಚೆಂಡು ಹಿಡಿಯುವ ಟೈಟ್ ಎಂಡ್ ಆಗಿ ಸೇರಿದ, ಬಿಟ್ಟ, ಊರಿಗೆ ಮರಳಿ ಪಿಜ್ಜಾ ಹಂಚಿದ. ಆಮೇಲೆ ವಿದ್ಯಾರ್ಥಿವೇತನವಿಲ್ಲದೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೇರಿ ರಕ್ಷಣಾ ಸಾಲಿಗೆ ಬದಲಾದ. 2011ರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಹ್ಯೂಸ್ಟನ್ ತಂಡ ಅವನನ್ನು 11ನೆಯವನಾಗಿ ಆರಿಸಿತು, ಮೂರು ಸಲ ಲೀಗಿನ ಶ್ರೇಷ್ಠ ರಕ್ಷಕನಾದ. ಜಾಷ್ ಆಲೆನ್ ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಬೇಸಾಯದ ಊರಿನವನು. ಹೈಸ್ಕೂಲ್ ಮುಗಿದಾಗ ಸಣಕಲ, ಒಂದು ದೊಡ್ಡ ಕಾಲೇಜೂ ಕರೆಯಲಿಲ್ಲ. ಎರಡು ವರ್ಷದ ರೀಡ್ಲಿ ಕಾಲೇಜಿಗೆ ಸೇರಿದ, ಅಲ್ಲಿ ಮೈ ಬೆಳೆಯಿತು, ಕೋಚ್‌ಗಳಿಗೆ ತಾನೇ ಇಮೇಲ್ ಬರೆದ, ವಯೋಮಿಂಗ್ ಕೈಹಿಡಿಯಿತು. 2018ರಲ್ಲಿ ಏಳನೆಯವನಾಗಿ ಬಫಲೊ ಸೇರಿ, 2024ರ ಋತುವಿನಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನಾದ. ನಮ್ಮ ರಾಜ್ಯದ ವೈಟ್‌ಹೌಸ್ ಊರಿನ ಪ್ಯಾಟ್ರಿಕ್ ಮಹೋಮ್ಸ್‌ಗೆ ಸಿಕ್ಕಿದ್ದೂ ಮೂರೇ ತಾರೆ. ಅವನ ಅಪ್ಪ ಬೇಸ್‌ಬಾಲ್ ಪಿಚರ್, ಮಗನೂ ಬೇಸ್‌ಬಾಲ್ ಆಡುತ್ತಿದ್ದ. ಓಡುತ್ತಾ, ಒಂದೇ ಕಾಲಿನ ಮೇಲೆ, ಪಕ್ಕಕ್ಕೆ ಕೈ ಬೀಸಿ ಎಸೆಯುವ ಅವನ ರೀತಿ ಅಶಿಸ್ತು ಎನಿಸಿತ್ತು. ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಮೂರು ಸಲ ಗೆದ್ದ ಮೇಲೆ ಅದನ್ನೇ ಹುಡುಗರಿಗೆ ಕಲಿಸುತ್ತಾರೆ.

ಈ ಮೂವರ ವಿಷಯದಲ್ಲಿ ನೋಡಿದವರ ಕಣ್ಣು ಮಂದವಾಗಿತ್ತು ಎನ್ನಲಾರೆ. ವಾಟ್ ಬೇರೆ ಜಾಗದಲ್ಲಿ ಆಡುತ್ತಿದ್ದ, ಆಲೆನ್‌ನ ದೇಹ ಇನ್ನೂ ಬಂದಿರಲಿಲ್ಲ, ಮಹೋಮ್ಸ್‌ನ ಕೌಶಲಕ್ಕೆ ಅಳತೆಗೋಲೇ ಇರಲಿಲ್ಲ. ಹದಿನಾರರ ಹುಡುಗನನ್ನು ನೋಡುವವರು ಇನ್ನೂ ಹುಟ್ಟದ ಒಂದು ದೇಹದ ಬಗ್ಗೆ ಮಾತಾಡುತ್ತಿರುತ್ತಾರೆ. ಅದು ಗೊತ್ತಿದ್ದು ಮಾತಾಡುವವರ ಜೊತೆ ಕೂರಲು ನನಗೆ ಇಷ್ಟ. ಗೊತ್ತಿಲ್ಲದವರು ಹುಡುಗನ ತಾಯಿ ಎರಡು ಸಾಲು ಕೆಳಗೆ ಕೂತಿರುವಾಗ "ದಂಡ" ಎಂದು ಕೂಗುತ್ತಾರೆ. ನನಗೆ ಮೈ ಉರಿಯುತ್ತದೆ. ಅವನು ಮಾರನೆಯ ದಿನ ಕೆಮಿಸ್ಟ್ರಿ ಹೋಮ್‌ವರ್ಕ್ ಮಾಡಬೇಕಾದ ಮಗು.

ಹೋಮ್‌ವರ್ಕ್ ಅಂದೆ, ಅದೂ ಲೆಕ್ಕಕ್ಕೆ ಬರುತ್ತದೆ. ಡಿವಿಷನ್ ಒನ್‌ನಲ್ಲಿ ಮೊದಲ ವರ್ಷವೇ ಆಡಬೇಕಾದರೆ ಹೈಸ್ಕೂಲಿನಲ್ಲಿ 16 ಮುಖ್ಯ ಪಾಠಗಳು ಮುಗಿದಿರಬೇಕು, ಅವುಗಳಲ್ಲಿ ಸರಾಸರಿ ಗ್ರೇಡ್ ಅಂಕ (ಜಿಪಿಎ) 2.3 ಬೇಕು. ಮಣಿಕಟ್ಟು ಅಳೆಯುವವರು ಇದನ್ನು ಕೇಳುವುದೇ ಅಪರೂಪ. ಹಿರಿಯರು ಕೇಳುತ್ತಿದ್ದರು. ಅಂಕವಿಲ್ಲದೆ ಕೈತಪ್ಪಿದ ಹುಡುಗರನ್ನು ಅವರು ಕಂಡಿದ್ದರು.

ಈಚೆಗೆ ಆಟದ ಆರ್ಥಿಕತೆಯೇ ಬದಲಾಗಿದೆ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಹಣ ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡುತ್ತಿವೆ. ಅದು ನ್ಯಾಯ ಅಂತಲೇ ನನ್ನ ಅಭಿಪ್ರಾಯ, ಒಂದು ಲಕ್ಷ ಜನ ತುಂಬುವ ಕ್ರೀಡಾಂಗಣಗಳು ಈ ಹುಡುಗರ ಬೆವರಿನಿಂದ ತುಂಬುತ್ತಿದ್ದವು. ಆದರೆ ಆಟಗಾರರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗುವ ದಾರಿ ತೆರೆದ ಮೇಲೆ ಕೋಚ್‌ಗಳು ಹದಿನೇಳರ ಹುಡುಗನಿಗಾಗಿ ಕಾಯುವ ಬದಲು, ಇನ್ನೊಂದು ಕಡೆ ಆಡಿ ಸೈ ಎನಿಸಿಕೊಂಡ ಇಪ್ಪತ್ತೊಂದರವನನ್ನು ಕರೆಯುತ್ತಾರೆ. ನಿಧಾನವಾಗಿ ಬೆಳೆಯುವ ಮೂರು ತಾರೆಯವರಿಗೆ ಜಾಗ ಕಿರಿದಾಯಿತು. ಜಾಷ್ ಆಲೆನ್‌ನಂಥವನು ಇವತ್ತು ಇಮೇಲ್ ಬರೆದರೆ ಓದುವವರು ಇನ್ನೂ ಕಡಿಮೆ ಎನಿಸುತ್ತದೆ.

ನಮ್ಮ ಶಾಲೆಯ ಆ 'ತೋಳು ಗಿಡ್ಡ' ಎನಿಸಿಕೊಂಡ ಎಡ ಟ್ಯಾಕಲ್ ಬಗ್ಗೆ ನನ್ನನ್ನೂ ಕೇಳುತ್ತಾರೆ ಈಗ, ಬ್ಯಾಂಡ್ ಹುಡುಗಿಯ ಅಮ್ಮ ಏನಂತಾಳೆ ಅಂತ. ನನ್ನ ಲೆಕ್ಕ ಹೇಳುತ್ತೇನೆ. ತೋಳು ನಿಜಕ್ಕೂ ಗಿಡ್ಡ, ಹಾಗಾಗಿ ಗಾರ್ಡ್ ಜಾಗವೇ ಅವನದು. ಮಂಡಿ ಚೆನ್ನಾಗಿ ಬಗ್ಗುತ್ತದೆ, ಬಲಗೈ ಯಾವಾಗಲೂ ಎದೆಗೇ ಬೀಳುತ್ತದೆ, ಎಡಗೈ ತಡ. ಸೋತ ಪಂದ್ಯಗಳಲ್ಲೂ ಸೀಟಿಯವರೆಗೆ ತಳ್ಳಿದ್ದಾನೆ. ಕಣ್ಣು ಕೋರೈಸುವ ದೊಡ್ಡ ಹೆಸರಿನ ಕಾಲೇಜಿನ ಬೆಂಚಿಗಿಂತ, ಸಾಲಿನ ಆಟಗಾರರನ್ನು ತಾಳ್ಮೆಯಿಂದ ಬೆಳೆಸುವ ಮಧ್ಯಮ ಗಾತ್ರದ ಕಾಲೇಜು ಅವನಿಗೆ ಒಳ್ಳೆಯದು. ಮೊದಲ ವರ್ಷ ಆಡಿಸದೆ ತೂಕ ಏರಿಸಲಿ. ಐದು ವರ್ಷದಲ್ಲಿ ನಾಲ್ಕು ಋತು ಆಡಲು ನಿಯಮದಲ್ಲೇ ಅವಕಾಶವಿದೆ. ಮೂರನೆಯ ವರ್ಷ ಅವನು ಆರಂಭದ ಐವರಲ್ಲಿ ಇರುತ್ತಾನೆ. ಹಿಂದಿನ ಸಾಲಿನವರು ಒಪ್ಪಿಲ್ಲ, ಎರಡೇ ವರ್ಷ ಸಾಕು ಅನ್ನುತ್ತಾರೆ.