ಫಿಲೋಮಿನಾ: ಪ್ರೀತಿಪಾತ್ರಳ ಹೆಸರು



ಆಗಸ್ಟ್ 11 ಬಂತೆಂದರೆ ಸಂತ ಫಿಲೋಮಿನಮ್ಮನವರ ಭಕ್ತರಿಗೆ ಹಬ್ಬದ ಸಂಭ್ರಮ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಈ ಹೆಸರು ಕ್ರೈಸ್ತ ಮನೆಗಳಲ್ಲಿ ಧಾರಾಳವಾಗಿ ಕೇಳಿಬರುತ್ತಿತ್ತು. ಒಬ್ಬರು ಫಿಲೋಮಿನಮ್ಮ, ಇನ್ನೊಬ್ಬರು ಫಿಲೋಮಿನಾ ಮೇರಿ, ಮತ್ತೊಬ್ಬರು ಬರೀ ಮೀನಾ. ಇಂದು ತೊಟ್ಟಿಲಿನಲ್ಲಿರುವ ಫಿಲೋಮಿನಾ ಬಲು ಅಪರೂಪ. ಅಜ್ಜಿಯ ನೆನಪಿಗೆಂದು ಈ ಹೆಸರಿಡಲು ಬಯಸುವ ತಂದೆತಾಯಿಗಳಿಗೂ ಒಂದು ಅಳುಕು: "ಈ ಸಂತರನ್ನು ಧರ್ಮಸಭೆ ಪಟ್ಟಿಯಿಂದ ತೆಗೆದಿದೆಯಂತೆ, ಹೆಸರಿಡಬಹುದೇ?" ಈ ಹೆಸರನ್ನೇ ಹೊತ್ತು ಬಾಳಿದ ಹಿರಿಯ ತಾಯಂದಿರ ಪ್ರಶ್ನೆ ಇನ್ನೂ ನೋವಿನದು: "ಹಾಗಾದರೆ ನನಗೆ ಪಾಲಕ ಸಂತರೇ ಇಲ್ಲವೇ?" ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಈ ಹೆಸರಿನ ಕಥೆಯನ್ನು ನಾವು ಮೊದಲಿನಿಂದ ತಿಳಿಯಬೇಕು.

ಮೂರು ಹಲಗೆಗಳ ಸಾಕ್ಷ್ಯ

1802ರ ಮೇ ತಿಂಗಳು. ರೋಮ್ ನಗರದ ಸಲಾರಿಯ ರಸ್ತೆಯಲ್ಲಿರುವ ಪ್ರಿಸಿಲ್ಲಾ ನೆಲಮಾಳಿಗೆಯ ಸಮಾಧಿಗಳಲ್ಲಿ ಕೆಲಸಗಾರರು ಒಂದು ಗೋರಿಯನ್ನು ಕಂಡರು. ಅದನ್ನು ಮುಚ್ಚಿದ್ದ ಮೂರು ಸುಟ್ಟ ಮಣ್ಣಿನ ಹಲಗೆಗಳ ಮೇಲೆ ಕೆಂಪು ಬಣ್ಣದ ಅಕ್ಷರಗಳಿದ್ದವು. ಇದ್ದಂತೆಯೇ ಓದಿದರೆ 'ಲುಮೆನಾ, ಪಾಕ್ಸ್ ತೆ, ಕುಮ್ ಫಿ' ಎಂದಾಗುತ್ತಿತ್ತು, ಅರ್ಥವಿಲ್ಲ. ಮೊದಲ ಹಲಗೆಯನ್ನು ಕೊನೆಗಿಟ್ಟು ಓದಿದಾಗ 'ಪಾಕ್ಸ್ ತೆಕುಮ್, ಫಿಲುಮೆನಾ' ಎಂದಾಯಿತು. "ಫಿಲುಮೆನಾ, ನಿನಗೆ ಶಾಂತಿ ಇರಲಿ" ಎಂದು ಇದರ ಅರ್ಥ. ಜೊತೆಗೆ ಲಂಗರು, ಬಾಣ, ಖರ್ಜೂರದ ಗರಿಯ ಚಿತ್ರಗಳಿದ್ದವು. ಒಳಗೆ ಎಳೆಯ ಬಾಲಕಿಯೊಬ್ಬಳ ಮೂಳೆಗಳು ಮತ್ತು ಒಂದು ಗಾಜಿನ ಸೀಸೆ. ಸೀಸೆಯಲ್ಲಿದ್ದದ್ದು ರಕ್ತವೆಂದು ಆಗಿನವರು ನಂಬಿದರು. ಆದ್ದರಿಂದ ಆಕೆ ಕ್ರಿಸ್ತನಿಗಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿ ಎಂದು ತೀರ್ಮಾನಿಸಿದರು.

ಹೆಸರಿನ ಮೂಲ ಗ್ರೀಕ್ ಭಾಷೆ. 'ಪ್ರೀತಿಸಲ್ಪಟ್ಟವಳು' ಎಂದು ಅದರ ಅರ್ಥ. ಲತೀನಿನಲ್ಲಿ 'ಫಿಲಿಯ ಲೂಮಿನಿಸ್', ಅಂದರೆ 'ಬೆಳಕಿನ ಮಗಳು' ಎಂದು ಬಿಡಿಸಿ ಹೇಳುವುದೂ ಉಂಟು. ಅದು ಭಕ್ತಿಯಿಂದ ಹುಟ್ಟಿದ ಸುಂದರ ಅರ್ಥ; ಪದದ ನಿಜವಾದ ಮೂಲವಲ್ಲ.

ಹೆಸರು ಹರಡಿದ್ದು ಹೇಗೆ?

1805ರಲ್ಲಿ ಫ್ರಾಂಚೆಸ್ಕೊ ದೆ ಲುಚಿಯ ಎಂಬ ಗುರುಗಳು ಈ ಪವಿತ್ರ ಅವಶೇಷಗಳನ್ನು ನೇಪಲ್ಸ್ ಬಳಿಯ ಮುಞಾನೊ ಊರಿಗೆ ತಂದರು. ಅಲ್ಲಿ ಪ್ರಾರ್ಥಿಸಿದ ಅನೇಕರು ತಮಗೆ ವರದಾನಗಳು ದೊರೆತವೆಂದು ಸಾಕ್ಷಿ ನುಡಿದರು. 1835ರಲ್ಲಿ ಫ್ರಾನ್ಸಿನ ಪೌಲಿನ್ ಜಾರಿಕೊ ತೀವ್ರ ಅಸ್ವಸ್ಥ ಸ್ಥಿತಿಯಲ್ಲಿ ಅಲ್ಲಿಗೆ ಯಾತ್ರೆ ಬಂದು ಗುಣಮುಖರಾದರು. ವಿಶ್ವಾಸ ಪ್ರಸಾರಕ್ಕಾಗಿ ಬಡವರ ಬಿಡಿಗಾಸುಗಳನ್ನು ಕೂಡಿಸಿದ ಈ ಮಹಾತಾಯಿಯನ್ನು 2022ರಲ್ಲಿ ಪುನೀತೆ ಎಂದು ಘೋಷಿಸಲಾಯಿತು. ಆರ್ಸ್ ಊರಿನ ಸಂತ ಜಾನ್ ಮರಿಯ ವಿಯಾನ್ನಿಯವರಿಗಂತೂ ಫಿಲೋಮಿನಾ ಎಂದರೆ ಪಂಚಪ್ರಾಣ. ತಮ್ಮ ಬಳಿ ನಡೆದ ಅದ್ಭುತಗಳನ್ನೆಲ್ಲ ಅವರು ಆಕೆಯ ಹೆಸರಿಗೇ ಒಪ್ಪಿಸುತ್ತಿದ್ದರು. 1837ರಲ್ಲಿ ಜಗದ್ಗುರು 16ನೇ ಗ್ರೆಗೊರಿಯವರು ಆಕೆಯ ಸಾರ್ವಜನಿಕ ಆರಾಧನಾ ಹಬ್ಬಕ್ಕೆ ಅನುಮತಿ ನೀಡಿದರು. ಇಟಲಿ, ಫ್ರಾನ್ಸ್, ಐರ್ಲೆಂಡ್‌ಗಳಲ್ಲಿ ಹೆಣ್ಣುಮಕ್ಕಳಿಗೆ ಈ ಹೆಸರಿಡುವುದು ರೂಢಿಯಾಯಿತು.

ಮಿಷನರಿಗಳೊಡನೆ ಈ ಭಕ್ತಿ ನಮ್ಮ ನಾಡಿಗೂ ಬಂತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಇಟ್ಟ ಪ್ರಧಾನಾಲಯ ಸಂತ ಜೋಸೆಫ್ ಮತ್ತು ಸಂತ ಫಿಲೋಮಿನಾರಿಗೆ ಅರ್ಪಿತ. ಜನರ ಬಾಯಲ್ಲಿ ಮಾತ್ರ ಅದು ಫಿಲೋಮಿನಾ ಚರ್ಚ್! ಅದರ ಜೋಡಿ ಗೋಪುರಗಳ ಎತ್ತರ ಸುಮಾರು 175 ಅಡಿ. ಮೈಸೂರು ಮತ್ತು ಪುತ್ತೂರಿನ ಕಾಲೇಜುಗಳೂ ಇದೇ ಹೆಸರು ಹೊತ್ತಿವೆ. ಹೀಗೆ ಜಾತಿ ಮತ ಭೇದವಿಲ್ಲದೆ ಕನ್ನಡಿಗರೆಲ್ಲರೂ ಈ ಹೆಸರನ್ನು ಬಲ್ಲರು.

1961ರ ಆದೇಶ

ಆದರೆ ಆ ಬಾಲಕಿ ಯಾರು? ಗ್ರೀಕ್ ರಾಜಕುಮಾರಿಯೆಂದೂ ಚಕ್ರವರ್ತಿ ಡಯೊಕ್ಲೀಷನ್ನನ ಕೈಯಲ್ಲಿ ಹಿಂಸೆಗೊಳಗಾದಳೆಂದೂ ಹೇಳುವ ಜೀವನಕಥೆ ನೇಪಲ್ಸಿನ ಕನ್ಯಾಸ್ತ್ರೀಯೊಬ್ಬರ ಖಾಸಗಿ ದರ್ಶನಗಳಿಂದ ಬಂದದ್ದು. ಇತಿಹಾಸದಲ್ಲಿ ಅದಕ್ಕೆ ಆಧಾರವಿಲ್ಲ. ಆ ಹಲಗೆಗಳು ಹಳೆಯ ಬೇರೊಂದು ಗೋರಿಯಿಂದ ತೆಗೆದು ಮತ್ತೆ ಬಳಸಿದವು ಎಂದು 20ನೇ ಶತಮಾನದ ಆರಂಭದಲ್ಲಿ ಪುರಾತತ್ವಜ್ಞ ಮಾರುಕ್ಕಿ ವಾದಿಸಿದರು. ಹಾಗಿದ್ದರೆ ಹೆಸರು ಒಬ್ಬರದು, ಮೂಳೆಗಳು ಇನ್ನೊಬ್ಬರದು. ಈ ಕಾರಣಗಳಿಂದ 1961ರ ಫೆಬ್ರವರಿಯಲ್ಲಿ ರೋಮ್ ಆಕೆಯ ಹಬ್ಬವನ್ನು ಆರಾಧನಾ ಪಂಚಾಂಗಗಳಿಂದ ತೆಗೆಯಲು ಆದೇಶಿಸಿತು. ಆ ಬಳಿಕ ಹೆಸರಿಡುವವರೂ ಕಡಿಮೆಯಾದರು. ಚುಟುಕಾದ ಹೊಸ ಹೆಸರುಗಳ ಮೋಹವೂ ಇದಕ್ಕೆ ಸೇರಿಕೊಂಡಿತು.

ಇಲ್ಲಿ ನಾವು ಎರಡು ವಿಷಯಗಳನ್ನು ಬೇರ್ಪಡಿಸಬೇಕು. ಧರ್ಮಸಭೆ ಹೇಳಿದ್ದು, ಈ ಬಾಲಕಿಯ ಬಗ್ಗೆ ಖಚಿತವಾಗಿ ತಿಳಿದದ್ದು ಬಹಳ ಕಡಿಮೆ, ಆದ್ದರಿಂದ ಸಾರ್ವತ್ರಿಕ ಪೂಜಾವಿಧಿಯಲ್ಲಿ ಹಬ್ಬ ಬೇಡ ಎಂದಷ್ಟೇ. ಆಕೆ ಸ್ವರ್ಗದಲ್ಲಿಲ್ಲ ಎಂದು ಹೇಳಲಿಲ್ಲ. ವೈಯಕ್ತಿಕ ಪ್ರಾರ್ಥನೆಯನ್ನು ನಿಷೇಧಿಸಲಿಲ್ಲ. ಮೈಸೂರಿನ ಪ್ರಧಾನಾಲಯದ ಹೆಸರನ್ನೂ ಬದಲಿಸಲಿಲ್ಲ. ಸತ್ಯಕ್ಕೆ ಹೆದರದ ಭಕ್ತಿಯೇ ಗಟ್ಟಿಯಾದ ಭಕ್ತಿ.

ಹೆಸರಿಡಬಹುದೇ?

ಖಂಡಿತ ಇಡಬಹುದು. ಕ್ರೈಸ್ತ ಮನೋಭಾವಕ್ಕೆ ಹೊರತಾದ ಹೆಸರು ಬೇಡ ಎಂದಷ್ಟೇ 1983ರ ಧರ್ಮಸಭೆಯ ಕಾನೂನು (ವಿಧಿ 855) ತಂದೆತಾಯಿ, ಜ್ಞಾನಪೋಷಕರು ಹಾಗೂ ಗುರುಗಳಿಗೆ ತಿಳಿಸುತ್ತದೆ. ದೇವರ ಪ್ರೀತಿಗೆ ಪಾತ್ರಳಾದವಳು ಎಂಬ ಅರ್ಥದ ಹೆಸರಿಗಿಂತ ಜ್ಞಾನಸ್ನಾನಕ್ಕೆ ಒಪ್ಪುವ ಹೆಸರು ಬೇರೆ ಯಾವುದಿದೆ? ಜ್ಞಾನಸ್ನಾನದಲ್ಲಿ ಪ್ರತಿ ಮಗುವೂ ಆಗುವುದು ಅದೇ ಅಲ್ಲವೇ?

ಇನ್ನು ಹಿರಿಯ ತಾಯಂದಿರಿಗೆ ನಾವು ಹೇಳುವುದಿಷ್ಟು: ನಿಮ್ಮ ಹೆಸರು ಸುಳ್ಳಲ್ಲ. ಈ ಹೆಸರು ಹಿಡಿದು ಪ್ರಾರ್ಥಿಸಿದ ವಿಯಾನ್ನಿಯವರು ಸಂತರಾದರು, ಜಾರಿಕೊ ಪುನೀತೆಯಾದರು. ಕುರುಬನು ತನ್ನ ಕುರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆಂದು ಯೇಸುಸ್ವಾಮಿ ಹೇಳಿದ್ದಾರೆ. ಪಂಚಾಂಗದಲ್ಲಿ ಹೆಸರಿಲ್ಲದ ಅಸಂಖ್ಯಾತ ಸಂತರಿಗಾಗಿ ನವೆಂಬರ್ 1ರಂದು ಸಕಲ ಸಂತರ ಮಹೋತ್ಸವವೇ ಇದೆ. ಅಂದು ರೋಮಿನ ಕತ್ತಲ ಸುರಂಗದಲ್ಲಿ ದುಃಖಿಸುವ ಮನೆಯವರು ಯಾವುದೋ ಪ್ರೀತಿಯ ಮಗಳಿಗೆ ಶಾಂತಿ ಕೋರಿ ಆ ಅಕ್ಷರಗಳನ್ನು ಬರೆಸಿದರು. ನಮಗೆ ಆಕೆಯ ಬಾಳು ತಿಳಿಯದು, ದೇವರಿಗೆ ತಿಳಿದಿದೆ. ಅಷ್ಟೇ ಸಾಕು.

ಆದ್ದರಿಂದ ಮಕ್ಕಳಿಗೆ ಹೆಸರಿಡುವಾಗ ಆ ಹೆಸರಿನ ಅರ್ಥವನ್ನೂ ಕಥೆಯನ್ನೂ ಸತ್ಯವಾಗಿ ತಿಳಿಸಿ ಬೆಳೆಸೋಣ. ನಮ್ಮೆಲ್ಲರ ಹೆಸರುಗಳೂ ಸ್ವರ್ಗದಲ್ಲಿ ಬರೆಯಲ್ಪಡುವಂತೆ ಪ್ರಭು ನಮ್ಮನ್ನು ಹರಸಲಿ.