ತೂತು ಐದು ಮಿಲಿಮೀಟರ್, ಕೆಲಸ ಹೊಟ್ಟೆಯೊಳಗೆ

ಪ್ರಶ್ನೆ: ಸಣ್ಣ ತೂತಿನಲ್ಲೇ ಆಪರೇಷನ್ ಮಾಡುವ ಉಪಕರಣಗಳನ್ನು ರೂಪಿಸುವವರು ಡಾಕ್ಟರೋ, ಎಂಜಿನಿಯರೋ?
– ಓದುಗರೊಬ್ಬರು, ಚನ್ನಪಟ್ಟಣ

ಉತ್ತರ: ಇಬ್ಬರೂ ಕೂಡಿದಾಗಲೇ ಒಳ್ಳೆಯ ಉಪಕರಣ ಹುಟ್ಟುತ್ತದೆ. ಜರ್ಮನಿಯ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್ 1980ರಲ್ಲಿ ಲ್ಯಾಪರೋಸ್ಕೋಪಿಯಿಂದ ಮೊದಲ ಬಾರಿಗೆ ಅಪೆಂಡಿಕ್ಸ್ ತೆಗೆದರು. ಹೊಟ್ಟೆಗೆ ಅನಿಲ ತುಂಬುವ ಸ್ವಯಂಚಾಲಿತ ಯಂತ್ರ, ಒಳಗೇ ಗಂಟು ಬಿಗಿಯುವ ಕುಣಿಕೆ, ಇವನ್ನೆಲ್ಲ ಬಳಕೆಗೆ ತಂದವರೂ ಅವರೇ.

ಕಷ್ಟ ಎಲ್ಲಿದೆ ನೋಡಿ. ಉಪಕರಣದ ದಪ್ಪ ಸಾಮಾನ್ಯವಾಗಿ 5 ಮಿಲಿಮೀಟರ್, ಉದ್ದ ಒಂದಡಿಗಿಂತ ತುಸು ಹೆಚ್ಚು. ಹೊಟ್ಟೆಯ ತೂತೇ ಏತದ ಕಂಬದಂತೆ ಆನಿಕೆಯಾಗುವುದರಿಂದ ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ ಹೋಗುತ್ತದೆ. ಹಿಡಿದ ಕರುಳು ಎಷ್ಟು ಮೆತ್ತಗಿದೆ ಎಂಬುದು ಬೆರಳಿಗೆ ಸರಿಯಾಗಿ ತಿಳಿಯದು. ಹಿಡಿ ಅಂಗೈಗೆ ಹೊಂದದಿದ್ದರೆ ಹೆಬ್ಬೆರಳು ಜೋಮು ಹಿಡಿಯುತ್ತದೆ. ಚಿಕ್ಕ ಕೈಯ ಸರ್ಜನ್‌ಗಳಿಗೆ ಈ ತೊಂದರೆ ಇನ್ನೂ ಹೆಚ್ಚು. ಹೊಸ ವಿನ್ಯಾಸದಲ್ಲಿ ಮೊದಲು ತಿದ್ದಬೇಕಾದದ್ದು ಹಿಡಿಯನ್ನೇ ಎಂದು ನಾನು ನಂಬುತ್ತೇನೆ.

ನಿಮ್ಮೂರಿನ ಗೊಂಬೆ ಕುಶಲಕರ್ಮಿ ಆಲೆ ಮರವನ್ನು ಲೇತ್‌ನಲ್ಲಿ ಕಡೆಯುವಾಗ ಉಳಿಯ ಒತ್ತಡವನ್ನು ಅಂಗೈಯಲ್ಲೇ ಅಳೆಯುತ್ತಾರೆ. ಸರ್ಜನ್‌ಗೆ ಇಲ್ಲಿ ಮಸುಕಾಗುವುದು ಆ ಸ್ಪರ್ಶವೇ. ನಿಮ್ಮ ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಒಂದು ದಿನ ಅವರನ್ನು ಆ ಲೇತ್‌ನ ಮುಂದೆ ಕೂರಿಸಿ.